ಪ್ಲವಂಗದ ಪೆಟಾರಿ

ನಮ್ಮ ಮಲೆನಾಡಿನ ಮನೆಯ ಅಟ್ಟದ ಮೇಲೆ ಒಂದು ಪೆಟಾರಿ ಇದೆ. ಪೆಟಾರಿ ಎಂದರೆ ದೊಡ್ಡ ಮರದ ಪೆಟ್ಟಿಗೆ. ಒಂದು ಮದುವೆಗೆ ಬೇಕಾಗುವ ಹಪ್ಪಳವನ್ನೆಲ್ಲ ತುಂಬಿಟ್ಟರೂ ಇನ್ನಷ್ಟು ಜಾಗ ಉಳಿಯುವಷ್ಟು ದೊಡ್ಡದು. ಬೀಟೆ ಮರದ್ದು, ಹೊರಗೆಲ್ಲ ಕಪ್ಪು ಕಾಫಿಯ ಬಣ್ಣ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ.

ಕಳೆದ ಬೇಸಿಗೆಯಲ್ಲಿ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಬಂದಿದ್ದ. ಪೆಟಾರಿಯನ್ನು ಒಂದು ಸುತ್ತು ನೋಡಿ, "ಇದೇನು ಅಂಥ ಹಳೇದಲ್ಲಮ್ಮ, ಐವತ್ತೋ ಅರವತ್ತೋ ವರ್ಷ ಆಗಿರಬೇಕು" ಎಂದ. ನನ್ನ ಅಮ್ಮನಿಗೆ ಸಿಟ್ಟು ಬಂತು. "ಮುನ್ನೂರು ವರ್ಷದ್ದು ಕಣಪ್ಪ ಇದು! ನಮ್ಮ ಹಿರಿಯರ ಕಾಲದ್ದು" ಎಂದರು. ವ್ಯಾಪಾರಿ ನಕ್ಕು ಕಾಫಿ ಕುಡಿದು ಹೋದ.

ರಜೆಗೆ ಬಂದಿದ್ದ ತಂಗಿಯ ಮಗಳು ಪುಟ್ಟಿ ನನ್ನ ಅಂಗಿ ಎಳೆದು ಕೇಳಿದಳು: "ಮಾಮ, ಅಜ್ಜಿ ಹೇಳಿದ್ದು ಸರಿಯೋ, ಅವರು ಹೇಳಿದ್ದು ಸರಿಯೋ?" ಎಂಥ ಒಳ್ಳೆಯ ಪ್ರಶ್ನೆ! ಹಸುವಿಗೆ ಎಷ್ಟು ವಯಸ್ಸು ಎಂದು ಹಲ್ಲು ನೋಡಿ ಹೇಳುವವರಿದ್ದಾರೆ. ಪೆಟ್ಟಿಗೆಗೆ ಹಲ್ಲಿಲ್ಲ. ಹಾಗಾದರೆ ಎಲ್ಲಿ ನೋಡಬೇಕು? ಒಂದು ಟಾರ್ಚು, ಒಂದು ದಾರ, ಪೊರಕೆಯಿಂದ ಕಿತ್ತ ಒಂದು ಕಡ್ಡಿ, ಇಷ್ಟನ್ನು ಹಿಡಿದು ನಾವಿಬ್ಬರೂ ಅಟ್ಟ ಹತ್ತಿದೆವು. ನೀವೂ ಬನ್ನಿ. ತಲೆ ಬಗ್ಗಿಸಿ, ತೊಲೆ ಬಡಿದೀತು.

ಪುಟ್ಟಿ ಮೊದಲು ಪೆಟಾರಿಯ ಮುಂಭಾಗ ನೋಡಲು ಹೋದಳು. ನಾನು ಬೇಡ ಎಂದೆ. ನೆಂಟರು ಬರುತ್ತಾರೆ ಎಂದರೆ ನಾವು ಜಗುಲಿ ಗುಡಿಸುತ್ತೇವೆ, ಮಂಚದ ಕೆಳಗೆ ಗುಡಿಸುತ್ತೇವೆಯೇ? ಮರದ ಸಾಮಾನು ಮಾಡುವವರೂ ಹಾಗೆಯೇ. ಎದುರಿಗೆ ಕಾಣುವ ಕಡೆಯನ್ನು ಉಜ್ಜಿ, ಹೊಳಪು ಕೊಟ್ಟು, ಬೇಕಾದರೆ ಬಣ್ಣವನ್ನೂ ಬಳಿದಿರುತ್ತಾರೆ. ಹಿಂಬದಿ, ತಳ, ಒಳಮೂಲೆಗಳಿಗೆ ಯಾರೂ ಶೃಂಗಾರ ಮಾಡುವುದಿಲ್ಲ. ಆದ್ದರಿಂದ ಹಳೆಯ ವಸ್ತು ಬಲ್ಲವರು ಎಲ್ಲಕ್ಕಿಂತ ಮೊದಲು ಮಂಡಿಯೂರಿ ಕೆಳಗೆ ಇಣುಕುತ್ತಾರೆ. ನಾವೂ ಪೆಟಾರಿಯನ್ನು ಮೆಲ್ಲಗೆ ಮಗುಚಿ ಮಲಗಿಸಿದೆವು.

ಟಾರ್ಚನ್ನು ನೇರವಾಗಿ ಬಿಡಬಾರದು, ಓರೆಯಾಗಿ ಬಿಡಬೇಕು. ಮಧ್ಯಾಹ್ನ ನೆತ್ತಿಯ ಮೇಲೆ ಸೂರ್ಯ ಇದ್ದಾಗ ನಮ್ಮ ಅಂಗಳ ಸಪಾಟಾಗಿ ಕಾಣುತ್ತದೆ. ಸಂಜೆ ಬಿಸಿಲು ಅಡ್ಡ ಬಿದ್ದಾಗ ಪ್ರತಿ ಉಬ್ಬಿಗೂ ತಗ್ಗಿಗೂ ಒಂದೊಂದು ನೆರಳು ಮೂಡುತ್ತದಲ್ಲ, ಹಾಗೆ. ಓರೆ ಬೆಳಕಿನಲ್ಲಿ ಪೆಟಾರಿಯ ಹಿಂಬದಿಯಲ್ಲಿ ಕೆರೆಯ ಕಿರುದೆರೆಗಳಂತಹ ಏರಿಳಿತ ಕಂಡಿತು. ಆಚಾರಿ ಕೀಸುಳಿ ಹಿಡಿದು ಮರದ ಮೈಯನ್ನು ಕೈಯಿಂದಲೇ ಹೆರೆದ ಗುರುತು ಅದು. ಯಂತ್ರ ಹೆರೆದ ಹಲಗೆ ಹೀಗೆ ಅಲೆಯಲೆಯಾಗಿರುವುದಿಲ್ಲ.

ತಳದ ಹಲಗೆಯಲ್ಲಿ ಗರಗಸದ ಗೆರೆಗಳೂ ಇದ್ದವು. ಎಲ್ಲವೂ ನೇರ, ಆದರೆ ಒಂದರಂತೆ ಒಂದಿಲ್ಲ. ಉದ್ದ ಗರಗಸವನ್ನು ಇಬ್ಬರು ಹಿಡಿದು, ಒಬ್ಬ ದಿಮ್ಮಿಯ ಮೇಲೆ ನಿಂತು ಇನ್ನೊಬ್ಬ ಕೆಳಗೆ ನಿಂತು, ಮೇಲೆ ಕೆಳಗೆ ಎಳೆದು ಕೊಯ್ದಾಗ ಇಂಥ ಗೆರೆ ಬೀಳುತ್ತದೆ. ಸಾಮಿಲ್ಲಿನ ದುಂಡು ಗರಗಸ ಕೊಯ್ದರೆ ಕೈವಾರದಿಂದ ಎಳೆದಂಥ ಕಮಾನು ಗೆರೆಗಳು ಬರುತ್ತವೆ. "ನೇರ ಗೆರೆ ಇದೆ, ಹಾಗಾದರೆ ತುಂಬಾ ಹಳೇದು!" ಎಂದು ಪುಟ್ಟಿ ಕುಣಿದಳು. ತಾಳು ಎಂದೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಈ ಸುಳಿವು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ 1800ರ ನಂತರದ ದಶಕಗಳಲ್ಲಿ ದುಂಡು ಗರಗಸ ಹರಡಿತು. ನಮ್ಮ ಮಲೆನಾಡಿನಲ್ಲಿ ನಾನು ಹುಡುಗನಾಗಿದ್ದಾಗಲೂ ಇಬ್ಬರು ನಿಂತು ಮರ ಕೊಯ್ಯುತ್ತಿದ್ದರು. ಒಂದೂರಿನ ಸುಳಿವು ಇನ್ನೊಂದೂರಿನಲ್ಲಿ ಸುಳ್ಳು ಹೇಳಬಹುದು.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೈಯೆಲ್ಲ ಬೀಟೆ, ತಳ ಮಾತ್ರ ಹಲಸು! ಕಾಣದ ಜಾಗಕ್ಕೆ ದುಬಾರಿ ಮರ ಏಕೆ ಎಂದು ಆಚಾರಿ ಯೋಚಿಸಿದ್ದಾನೆ. ಹೋಳಿಗೆಯ ಹೂರಣಕ್ಕೆ ಒಳ್ಳೆಯ ಬೆಲ್ಲ, ದನದ ಬಾನಿಗೆ ಕರಿಬೆಲ್ಲ ಎನ್ನುವ ಹಾಗೆ. ಈ ಅಗ್ಗದ ಮರವೇ ಬಲ್ಲವರಿಗೆ ಬಹಳ ಇಷ್ಟ. ಬೆಲೆಬಾಳುವ ಮರ ಹಡಗು ಹತ್ತಿ ಎಲ್ಲಿಂದಲೋ ಬಂದಿರಬಹುದು, ತಳದ ಮರ ಮಾತ್ರ ಹೆಚ್ಚಾಗಿ ಸಾಮಾನು ತಯಾರಾದ ಊರಿನ ಹಿತ್ತಲಿನದೇ ಆಗಿರುತ್ತದೆ. ಹಲಸು ಹೊಸದಾಗಿ ಕೊಯ್ದಾಗ ಅರಿಸಿನದಂತೆ ಹಳದಿ, ವರ್ಷಗಳು ಕಳೆದಂತೆ ಕಂದು. ನಮ್ಮ ಪೆಟಾರಿಯ ತಳ ಹುರಿಗಡಲೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

ಆ ತಳದ ಹಲಗೆಗಳ ನಡುವೆ ಬೆರಳಿನ ಉಗುರು ತೂರುವಷ್ಟು ಸಂದು ಇತ್ತು. ಆಚಾರಿ ಅಷ್ಟು ಒರಟಾಗಿ ಕೆಲಸ ಮಾಡಿದನೇ? ಇಲ್ಲ, ಮರವೇ ಕುಗ್ಗಿತು. ಮಳೆಗಾಲದಲ್ಲಿ ಬಚ್ಚಲಮನೆಯ ಬಾಗಿಲು ಬಿಗಿಯಾಗಿ ಕೂತು, ಬೇಸಿಗೆಯಲ್ಲಿ ಸಲೀಸಾಗಿ ತೆರೆಯುವುದನ್ನು ನೀವು ನೋಡಿರುತ್ತೀರಿ. ಮರ ಸತ್ತ ಮೇಲೂ ನೀರಾವಿಯನ್ನು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ.

ತಮಾಷೆ ಏನೆಂದರೆ, ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಇದನ್ನು ಹೀಗೆ ಊಹಿಸಿಕೊಳ್ಳಿ: ಎಳನೀರು ಕುಡಿಯುವ ಕೊಳವೆಗಳನ್ನು ಒಂದು ಹಿಡಿ ತೆಗೆದುಕೊಂಡು ರಬ್ಬರ್ ಬ್ಯಾಂಡ್ ಹಾಕಿ. ಮರದ ಒಳಗೂ ಹೀಗೆಯೇ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳ ಕಟ್ಟು. ಆ ಕೊಳವೆಗಳ ಗೋಡೆಯಲ್ಲಿ ನೀರು ಸೇರಿಕೊಂಡಿರುತ್ತದೆ. ಅದು ಆರಿದಾಗ ಗೋಡೆಗಳು ತೆಳ್ಳಗಾಗುತ್ತವೆ, ಕೊಳವೆ ಗಿಡ್ಡವಾಗುವುದಿಲ್ಲ. ಕಟ್ಟು ಸಣ್ಣಗಾಗುತ್ತದೆ, ಉದ್ದ ಹಾಗೇ ಇರುತ್ತದೆ.

ಇದನ್ನು ನಂಬಬೇಡಿ, ಅಳೆದು ನೋಡಿ. ನಮ್ಮ ಜಗುಲಿಯಲ್ಲಿ ಒಂದು ದುಂಡನೆಯ ಹಳೆಯ ಟೀಪಾಯಿ ಇದೆ. (ಟೀಪಾಯಿಗೂ ಚಹಾಕ್ಕೂ ಸಂಬಂಧವಿಲ್ಲ, ಗೊತ್ತೇ? ಅದು 'ತಿಪಾಯಿ', ಮೂರು ಕಾಲಿನದು ಎಂದರ್ಥ. ಇಂಗ್ಲಿಷರು ನಮ್ಮಿಂದ ಆ ಮಾತು ಕಲಿತು ಚಹಾ ಸೇರಿಸಿಕೊಂಡರು.) ಪುಟ್ಟಿ ಮರದ ಗೆರೆ ಹರಿದ ದಿಕ್ಕಿನಲ್ಲಿ ದಾರ ಹಿಡಿದು ಅಳೆದಳು, ಆಮೇಲೆ ಅಡ್ಡಕ್ಕೆ ಹಿಡಿದಳು. ಅಡ್ಡಕ್ಕೆ ಹಿಡಿದಾಗ ದಾರ ಒಂದು ತೊಗರಿಬೇಳೆಯಷ್ಟು ಮಿಕ್ಕಿತು! ದುಂಡನೆಯ ಟೀಪಾಯಿ ವರ್ಷಗಳ ಒಣಗುವಿಕೆಯಲ್ಲಿ ಯಾರಿಗೂ ಹೇಳದೆ ಒಂಚೂರು ಮೊಟ್ಟೆಯಾಗಿತ್ತು. ಹಳೆಯ ಮೇಜು ಎಂದು ಯಾರಾದರೂ ತೋರಿಸಿದ ದುಂಡು ಮೇಜು ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ದುಂಡಗಿದ್ದರೆ ನನಗೆ ಅನುಮಾನ.

ಈಗ ಪೊರಕೆಕಡ್ಡಿಯ ಸರದಿ. ಪೆಟಾರಿಯ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ತೂತುಗಳಿದ್ದವು. ಮರ ಕೊರೆಯುವ ಹುಳು ಒಳಗೇ ಬೆಳೆದು, ರೆಕ್ಕೆ ಬಂದ ಮೇಲೆ ಹೊರಗೆ ಹಾರಿಹೋದ ಬಾಗಿಲು ಅದು. ಹೊಸ ಸಾಮಾನನ್ನು ಹಳೆಯದೆಂದು ಮಾರುವ ಮೋಸಗಾರರು ಸುಳ್ಳು ತೂತು ಕೊರೆಯುವುದೂ ಉಂಟು. ಆದರೆ ಹುಳು ಸ್ಕೇಲು ಹಿಡಿದು ನಡೆಯುವುದಿಲ್ಲ. ಅದರ ಸುರಂಗ ಅಂಕುಡೊಂಕು. ಕಡ್ಡಿ ತೂರಿಸಿದರೆ ಸ್ವಲ್ಪ ಹೋಗಿ ತಡೆಯುತ್ತದೆ. ಡ್ರಿಲ್ಲಿನ ತೂತಿನಲ್ಲಿ ಕಡ್ಡಿ ಸೀದಾ ಇಳಿಯುತ್ತದೆ. ನಮ್ಮ ಕಡ್ಡಿ ತಡೆಯಿತು.

ಮೋಸಗಾರರು ಇನ್ನೂ ಏನೇನೋ ಮಾಡುತ್ತಾರೆ. ಚಹಾದ ಡಿಕಾಕ್ಷನ್ ಬಳಿದು ಬಣ್ಣ ಕಂದಿಸುತ್ತಾರೆ, ಸರಪಳಿಯಿಂದ ಹೊಡೆದು ಗಾಯ ಮಾಡುತ್ತಾರೆ. ಆದರೆ ನಿಜವಾದ ಸವೆತಕ್ಕೆ ಒಂದು ಬುದ್ಧಿ ಇರುತ್ತದೆ. ನಿಮ್ಮ ಶಾಲೆಯ ಬೆಂಚು ಎಲ್ಲಿ ನುಣುಪಾಗಿದೆ? ಮೊಣಕೈ ಊರುವ ಕಡೆ. ಹಳೆಯ ಹೊಸ್ತಿಲು ಎಲ್ಲಿ ತಗ್ಗಾಗಿದೆ? ಕಾಲಿಡುವ ನಡುವೆ. ನಮ್ಮ ಪೆಟಾರಿಯ ಮುಚ್ಚಳದ ಅಂಚು ನಡುವಿನಿಂದ ಸ್ವಲ್ಪ ಬಲಕ್ಕೆ ಸವೆದಿತ್ತು. ಪುಟ್ಟಿ ಅಲ್ಲಿ ಕೈಯಿಟ್ಟು ಮುಚ್ಚಳ ಎತ್ತಿದಳು. ಬಲಗೈ ಸರಿಯಾಗಿ ಅಲ್ಲಿಗೇ ಬಂತು. ಎಷ್ಟು ಜನ ಅಜ್ಜಿಯರು ಅಲ್ಲೇ ಹಿಡಿದು ಎತ್ತಿರಬೇಕು!

ಮುಚ್ಚಳ ತೆಗೆದ ಮೇಲೆ ಮೂಲೆಗಳನ್ನು ನೋಡಿದೆವು. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ನೋಡಿ. ಹಲಗೆಗಳ ತುದಿಗಳು ಹಾಗೆ ಹೆಣೆದುಕೊಂಡಿದ್ದವು. ಒಂದು ವ್ಯತ್ಯಾಸ, ಮರದ ಈ ಬೆರಳುಗಳು ತುದಿಗೆ ಹೋದಂತೆ ಅಗಲ. ಆದ್ದರಿಂದ ಎಳೆದರೆ ಬಿಟ್ಟುಕೊಡುವುದಿಲ್ಲ. ಆಕಾರ ಪಾರಿವಾಳದ ಬಾಲದಂತಿರುವುದರಿಂದ ಇಂಗ್ಲಿಷಿನಲ್ಲಿ ಡವ್‌ಟೇಲ್ ಎನ್ನುತ್ತಾರೆ. ಯಂತ್ರ ಕತ್ತರಿಸಿದ ಬಾಲಗಳೆಲ್ಲ ಅಚ್ಚಿನಿಂದ ತೆಗೆದ ಚಕ್ಕುಲಿಯಂತೆ ಒಂದೇ ಅಳತೆ. ಇವು ಕೋಡುಬಳೆಯ ಹಾಗೆ, ಪ್ರತಿಯೊಂದೂ ಸ್ವಲ್ಪ ಬೇರೆ. ಪ್ರತಿ ಮೂಲೆಯ ಒಳಗೆ ಉಳಿಯಿಂದ ಕೆತ್ತಿದ ಸಣ್ಣ ಗುರುತು: ೧ಕ್ಕೆ ೧, ೨ಕ್ಕೆ ೨, ೩ಕ್ಕೆ ೩. ಯಾವ ಹಲಗೆ ಯಾವುದಕ್ಕೆ ಜೋಡಿ ಎಂದು ಮರೆಯದಿರಲು ಆಚಾರಿ ಬರೆದುಕೊಂಡದ್ದು. ಪುಟ್ಟಿ ಆ ೩ರ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು.

ಇನ್ನು ಕಬ್ಬಿಣ. ಒಂದು ಕೀಲಿನ ಸ್ಕ್ರೂ ತಲೆಯ ಮೇಲೆ ಕೂಡುವ ಚಿಹ್ನೆ ಇತ್ತು. ಅಂಥ ಸ್ಕ್ರೂವಿಗೆ ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದು 1936ರಲ್ಲಿ. "ಅಯ್ಯೋ, ಹಾಗಾದರೆ ಅಜ್ಜಿ ಸೋತರು" ಎಂದಳು ಪುಟ್ಟಿ. ಆದರೆ ಪಕ್ಕದಲ್ಲೇ ಒಂದು ಖಾಲಿ ತೂತು ಇತ್ತು, ಹಳೆಯ ಸ್ಕ್ರೂ ಇದ್ದ ಜಾಗ. ಯಾರೋ ರಿಪೇರಿ ಮಾಡಿದ್ದಾರೆ. ಅಂಗಿಗೆ ಹೊಸ ಗುಂಡಿ ಹೊಲಿದರೆ ಅಂಗಿ ಹೊಸದಾಗುವುದಿಲ್ಲವಲ್ಲ.

ತಳದ ಮೊಳೆಗಳು ಹೆಚ್ಚು ಪ್ರಾಮಾಣಿಕ. ಹಿಂದೆ ಕಮ್ಮಾರ ಒಂದೊಂದೇ ಮೊಳೆಯನ್ನು ಕಾಯಿಸಿ ಬಡಿದು ಮಾಡುತ್ತಿದ್ದ, ಅವು ನಾಲ್ಕು ಮೂಲೆಯವು. ತಂತಿಯಿಂದ ಯಂತ್ರ ಕತ್ತರಿಸಿದ ದುಂಡು ಮೊಳೆ ಹರಡಿದ್ದು 19ನೇ ಶತಮಾನದ ಕೊನೆಕೊನೆಗೆ. ನಮ್ಮ ಪೆಟಾರಿಯ ತಳದಲ್ಲಿ ಇದ್ದವು ದುಂಡು ಮೊಳೆ. ಇವನ್ನೂ ಆಮೇಲೆ ಬದಲಾಯಿಸಿರಬಹುದೇ? ಸುತ್ತ ಬೇರೆ ತೂತಿರಲಿಲ್ಲ. ಮೇಲಾಗಿ ಪ್ರತಿ ಮೊಳೆಯ ಸುತ್ತ ಮರ ಕಪ್ಪಾಗಿತ್ತು. ನೆಲ್ಲಿಕಾಯಿಯನ್ನು ಕಬ್ಬಿಣದ ಕತ್ತಿಯಿಂದ ಹೆಚ್ಚಿದರೆ ಕಪ್ಪಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಾ? ನೆಲ್ಲಿಕಾಯಿಯ ಒಗರೂ ಕಬ್ಬಿಣವೂ ಸೇರಿ ಆಗುವ ಕಪ್ಪು ಅದು. ಮರದಲ್ಲೂ ಅಂಥ ಒಗರು ಇರುತ್ತದೆ. ಮಳೆಗಾಲದ ತೇವದಲ್ಲಿ ಮೆಲ್ಲಮೆಲ್ಲನೆ ಹರಡುವ ಈ ಕಪ್ಪು, ಮೊಳೆಗಳು ಬಹಳ ಕಾಲದಿಂದ ಅಲ್ಲೇ ಇವೆ ಎಂದಿತು.

ಇಷ್ಟೆಲ್ಲ ಆದ ಮೇಲೆ ಅಮ್ಮ ಕೆಳಗಿನಿಂದ ಕೂಗಿ, "ಹಳೇ ಲೆಕ್ಕದ ಪುಸ್ತಕ ನೋಡಿದಿರೇನೋ?" ಎಂದರು. ಮೊದಲೇ ಹೇಳಬಾರದಿತ್ತೇ! ಕೆಂಪು ಬಟ್ಟೆ ಸುತ್ತಿದ ಕಟ್ಟಿನಲ್ಲಿ, ಅಡಕೆ ಮಾರಿದ ಲೆಕ್ಕದ ನಡುವೆ ಒಂದು ಸಾಲು ಸಿಕ್ಕಿತು: ಪ್ಲವಂಗ ಸಂವತ್ಸರ, ಕಾರ್ತಿಕ ಮಾಸ, ಪೆಟಾರಿ ಬಾಬ್ತು ಆಚಾರಿಗೆ ಏಳು ರೂಪಾಯಿ. ವಸ್ತುವಿನ ಪೂರ್ವಕಥೆ ಹೇಳುವ ಇಂಥ ಕಾಗದ ಹತ್ತು ಸುಳಿವಿಗೆ ಸಮ.

ಆದರೆ ಇಸವಿ ಇರಲಿಲ್ಲ. ಯುಗಾದಿಯಂದು ಪಂಚಾಂಗ ಓದುವಾಗ ಹೊಸ ವರ್ಷದ ಹೆಸರು ಹೇಳುತ್ತಾರಲ್ಲ, ಅಂಥ ಹೆಸರುಗಳು ಒಟ್ಟು 60. ಅರವತ್ತೂ ಮುಗಿದರೆ ಮತ್ತೆ ಮೊದಲಿನಿಂದ, ಗಡಿಯಾರದ ಮುಳ್ಳು ಸುತ್ತಿ ಬಂದ ಹಾಗೆ. ಪ್ಲವಂಗ ಮುಂದೆ ಬರುವುದು 2027ರ ಯುಗಾದಿಗೆ. ಪುಟ್ಟಿ ನೆಲದ ಮೇಲೆ ಬೆರಳಿನಿಂದ ಕಳೆಯುವ ಲೆಕ್ಕ ಬರೆದಳು: 1967, 1907, 1847, 1787... ಇವುಗಳಲ್ಲಿ ಯಾವುದು? ಪುಸ್ತಕ ಹೇಳುವುದಿಲ್ಲ. ಪೆಟಾರಿಯೇ ಹೇಳಬೇಕು.

1847 ಆಗಿದ್ದರೆ ತಳದಲ್ಲಿ ಕಮ್ಮಾರನ ನಾಲ್ಕು ಮೂಲೆಯ ಮೊಳೆ ಇರಬೇಕಿತ್ತು. ಅದಕ್ಕಿಂತ ಹಿಂದಿನ ವರ್ಷಗಳಿಗೂ ಅದೇ ಉತ್ತರ. 1967? ಅಮ್ಮ ಈ ಮನೆಗೆ ಮದುವೆಯಾಗಿ ಬಂದದ್ದು 1961ರಲ್ಲಿ. ಬಂದ ದಿನವೇ ಅತ್ತೆ ಈ ಪೆಟಾರಿಯಿಂದ ಸೀರೆ ತೆಗೆದುಕೊಟ್ಟದ್ದು ಅವರಿಗೆ ಚೆನ್ನಾಗಿ ನೆನಪಿದೆ. ಉಳಿದದ್ದು ಒಂದೇ. ಪುಟ್ಟಿ ಕಿರುಚಿದಳು, "ಸಾವಿರದ ಒಂಬೈನೂರ ಏಳು!" ಅಟ್ಟದ ಬಾವಲಿಯೊಂದು ಹೆದರಿ ಹಾರಿತು.

ಇಷ್ಟೆಲ್ಲ ಏಕೆ, ಪ್ರಯೋಗಾಲಯಕ್ಕೆ ಕೊಟ್ಟರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಮರದಲ್ಲಿರುವ ಕಾರ್ಬನ್-14 ಎಂಬ ವಸ್ತು ಕಾಲ ಕಳೆದಂತೆ ಕರಗುತ್ತಾ ಹೋಗುತ್ತದೆ, ಅದನ್ನು ಅಳೆದು ವಯಸ್ಸು ಹೇಳುತ್ತಾರೆ. ಆದರೆ ಅದು ಅರ್ಧಕ್ಕೆ ಇಳಿಯಲು ಸುಮಾರು 5730 ವರ್ಷ ಬೇಕು. ನೂರು ವರ್ಷದಲ್ಲಿ ಕಡಿಮೆಯಾಗುವುದು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬರೀ ಗಂಟೆ ಮುಳ್ಳಿರುವ ಗಡಿಯಾರದಲ್ಲಿ ಸೆಕೆಂಡು ಎಣಿಸಿದ ಹಾಗಾಗುತ್ತದೆ. ಮರದ ಬಳೆಗೆರೆಗಳು ಇದಕ್ಕಿಂತ ಚುರುಕು. ಒಳ್ಳೆಯ ವರ್ಷದಲ್ಲಿ ದಪ್ಪ ಗೆರೆ, ಕಷ್ಟದ ವರ್ಷದಲ್ಲಿ ತೆಳು ಗೆರೆ, ಹೀಗೆ ಮರ ದಿನಚರಿ ಬರೆಯುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 'ಮೆಸಾಯ' ಎಂಬ ಪಿಟೀಲು ಇದೆ. ಇಟಲಿಯ ಸ್ಟ್ರಾಡಿವರಿ 1716ರಲ್ಲಿ ಮಾಡಿದ್ದು ಎನ್ನುತ್ತಾರೆ. ಅದು ನಿಜವೇ ಎಂದು ಕೆಲವರಿಗೆ ಸಂಶಯ ಬಂದಾಗ ಅದರ ಮುಂಭಾಗದ ಗೆರೆಗಳನ್ನು ಎಣಿಸಿ, ಕಾಲ ಗೊತ್ತಿರುವ ಮರಗಳ ಗೆರೆಗಳೊಂದಿಗೆ ಹೋಲಿಸಿದರು. ಕೊನೆಯ ಗೆರೆ 1680ರ ದಶಕದ್ದು. ಮರ ಪಿಟೀಲಿಗಿಂತ ಮೊದಲಿನದು, ಲೆಕ್ಕ ಸರಿಹೋಯಿತು. ಗೆರೆಗಳು 1750 ಎಂದಿದ್ದರೆ? ಇನ್ನೂ ಬೆಳೆಯದ ಮರದಿಂದ ಪಿಟೀಲು ಮಾಡಲಾಗುವುದಿಲ್ಲವಲ್ಲ!

"ಮಾಮ, ಈಗ ಇದರ ಬೆಲೆ ಎಷ್ಟು?" ಅದು ವಯಸ್ಸಿಗಿಂತ ಕಠಿಣ ಪ್ರಶ್ನೆ. ಬೆಲೆ ವಸ್ತುವಿನೊಳಗೆ ಇರುವುದಿಲ್ಲ, ಬೇಕು ಎನ್ನುವವರ ಮನಸ್ಸಿನಲ್ಲಿ ಇರುತ್ತದೆ. ನಿಮ್ಮ ಗೋಲಿಗಳಲ್ಲಿ ಹಸಿರು ಗೋಲಿ ಎಲ್ಲರ ಹತ್ತಿರವೂ ಇದ್ದರೆ ಅದಕ್ಕೆ ಯಾರು ಎರಡು ಗೋಲಿ ಕೊಡುತ್ತಾರೆ? ಅಂಚೆಚೀಟಿಗಳ ಕಥೆ ಕೇಳಿ. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಬ್ರಿಟನ್ನಿನ ಪೆನ್ನಿ ಬ್ಲ್ಯಾಕ್, 1840ರದ್ದು. ಸುಮಾರು 6.8 ಕೋಟಿ ಚೀಟಿ ಅಚ್ಚಾಗಿದ್ದವು, ಹಾಗಾಗಿ ಇಂದಿಗೂ ಕೊಳ್ಳಲು ಸಿಗುತ್ತದೆ. ಅದಕ್ಕಿಂತ 16 ವರ್ಷ ಕಿರಿಯದು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿ. ಜಗತ್ತಿನಲ್ಲಿ ಈಗ ಗೊತ್ತಿರುವುದು ಒಂದೇ ಒಂದು. 1873ರಲ್ಲಿ ಅದು ಸಿಕ್ಕಿದ್ದು 12 ವರ್ಷದ ಶಾಲಾ ಹುಡುಗನಿಗೆ! ಆರು ಶಿಲಿಂಗಿಗೆ ಮಾರಿಬಿಟ್ಟ. 2014ರಲ್ಲಿ ಅದು ಹರಾಜಾದದ್ದು ಸುಮಾರು 95 ಲಕ್ಷ ಡಾಲರಿಗೆ.

ಕೆಲವು ವಸ್ತುಗಳಿಗೆ ಅಂಗಡಿಯ ಬೆಲೆಯೇ ಇಲ್ಲ. ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋದರೆ ಬೀಟೆ ಮರದಲ್ಲಿ ದಂತ ಕೂರಿಸಿದ ಬಾಗಿಲನ್ನು ಮರೆಯದೆ ನೋಡಿ. ಮೈಸೂರಿನ ಕುಸುರಿ ಕೆಲಸದ ಸೊಗಸು ಅದು. ಆದರೆ ದಂತಕ್ಕಾಗಿ ಆನೆ ಸಾಯಬಾರದೆಂದು ನಮ್ಮ ದೇಶದಲ್ಲಿ ದಂತದ ವ್ಯಾಪಾರವನ್ನೇ ನಿಲ್ಲಿಸಿದ್ದಾರೆ. ಹಾಗೆಯೇ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಮನಬಂದಂತೆ ಹೊರದೇಶಕ್ಕೆ ಸಾಗಿಸುವಂತಿಲ್ಲ, 1972ರ ಕಾನೂನು ಇದೆ.

ಬೆಲೆಯ ಮಾತು ಬಂದಾಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಹುಡುಗನಾಗಿದ್ದಾಗ ದೀಪಾವಳಿಗೆಂದು ನಾನು ಈ ಪೆಟಾರಿಯ ಒಂದು ಮೂಲೆಯ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬಂಗಾರದಂತೆ ಮಾಡಿದ್ದೆ. ದೇವರ ದೀಪಕ್ಕೆ ಅದು ಸರಿ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಆದರೆ ಹಳೆಯ ವಸ್ತು ಪ್ರೀತಿಸುವವರು ಹುಡುಕುವುದು ಆ ಮಂಕು ಬಣ್ಣವನ್ನೇ. ಹತ್ತಾರು ವರ್ಷಗಳ ಗಾಳಿ, ಬೆಳಕು, ಕೈಯ ಜಿಡ್ಡು ಸೇರಿ ಕೂತ ಪದರ ಅದು. ಒಂದು ಗಳಿಗೆಯಲ್ಲಿ ತೊಳೆಯಬಹುದು, ಮತ್ತೆ ಕೂರಿಸಲು ಅಷ್ಟೇ ವರ್ಷ ಬೇಕು. ನಾನು ತಿಕ್ಕಿದ ಮೂಲೆ ಇವತ್ತಿಗೂ ಉಳಿದ ಮೂರರ ಬಣ್ಣಕ್ಕೆ ಬಂದಿಲ್ಲ.

ಮಳೆ ಶುರುವಾಗುವ ಮುಂಚೆ ಆ ವ್ಯಾಪಾರಿ ಮತ್ತೊಮ್ಮೆ ಬಂದ. ಪುಟ್ಟಿ ಅವನನ್ನು ಅಟ್ಟಕ್ಕೆ ಕರೆದೊಯ್ದು ಮೊಳೆ, ಸಂದು, ೩ರ ಗುರುತು ಎಲ್ಲವನ್ನೂ ತೋರಿಸಿದಳು. ಅವನು ಗಲ್ಲ ಉಜ್ಜಿಕೊಂಡು ಮೊದಲ ಸಲ ಹೇಳಿದ್ದ ಬೆಲೆಯ ನಾಲ್ಕು ಪಟ್ಟು ಹೇಳಿದ. ಅಮ್ಮ ಕೊಡುವುದಿಲ್ಲ ಎಂದರು. ಹಲಸಿನ ಹಪ್ಪಳ ಆಗಲೇ ಅದರಲ್ಲಿ ತುಂಬಿಯಾಗಿತ್ತು.

ಅವನು ಅಂಗಳ ದಾಟುವಾಗ ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: "ಮುನ್ನೂರು ವರ್ಷದ್ದಂತೆ. ನಮ್ಮ ಪುಟ್ಟಿ ಅಳತೆ ಮಾಡಿ ನೋಡಿದಾಳೆ."